ಹಸಿರು ಗುಡ್ಡ

"ಈ ಹಳೇ ವಿಂಡೋಸ್ ತೆಗೆದ ದಿನ ನಾನೂ ಕುರ್ಚಿ ಬಿಡ್ತೀನಿ!" ಸೊಸೈಟಿಯ ಕಾರ್ಯದರ್ಶಿ ಚೆನ್ನವೀರಯ್ಯನವರು ಸಭೆಯಲ್ಲಿ ಮೇಜು ಗುದ್ದಿದರು. ಕಂಪ್ಯೂಟರ್ ಪರದೆಯ ಮೇಲಿನ ಹಸಿರು ಗುಡ್ಡದ ಚಿತ್ರ ಅವರಿಗೆ ಮನೆದೇವರಿಗಿಂತ ಹೆಚ್ಚು. ಆಯುಧಪೂಜೆಗೆ ತಾವೇ ಅದಕ್ಕೆ ಕುಂಕುಮ ಇಡುತ್ತಿದ್ದರು.

"ಹೊಸದರಲ್ಲಿ ಏನಿದೆ ಮಣ್ಣು? ಇದು ನೋಡಿ, ಮೊದಲಿಗಿಂತ ಈಗಲೇ ಚುರುಕು! ಅಲ್ವೇನಮ್ಮಾ ಇಂದುಮತಿ?"

ವರ್ಷಗಟ್ಟಲೆ ಇದನ್ನೇ ಕೇಳಿ ಟೈಪಿಸ್ಟ್ ಇಂದುಮತಿಗೆ ಸಾಕಾಗಿಹೋಗಿತ್ತು.

"ಹೌದು ಸಾರ್. ಹೋದ ಆಯುಧಪೂಜೆಗೆ ಮುಂಚೆನೇ ಅಧ್ಯಕ್ಷರು ಹೊಸ ವಿಂಡೋಸ್ ಹಾಕಿಸಿದ್ರು. ನಿಮಗೋಸ್ಕರ ಗುಡ್ಡದ ಚಿತ್ರ ಮಾತ್ರ ಹಾಗೇ ಬಿಟ್ವಿ."

ಚೆನ್ನವೀರಯ್ಯನವರು ಹಣೆಯ ಬೆವರೊರೆಸಿಕೊಂಡರು.

"ರಾಜೀನಾಮೆ ಇದರಲ್ಲೇ ಟೈಪ್ ಮಾಡ್ಲಾ ಸಾರ್?" ಎಂದಳು ಇಂದುಮತಿ.

ಅವರು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಕೂತರು.

"ಯಾಕಮ್ಮಾ? ಗುಡ್ಡ ಇನ್ನೂ ಅಲ್ಲೇ ಇದೆಯಲ್ಲ!"