ಫ್ಯಾನಿನ ಸದ್ದು

ಬಿಡಿಭಾಗಗಳನ್ನು ಆರಿಸಿ ಮನೆಯಲ್ಲೇ ಕಂಪ್ಯೂಟರ್ ಜೋಡಿಸಬೇಕೆಂದು ಶ್ರೀವತ್ಸ ಹೆಂಡತಿಯನ್ನೂ ಕರೆದುಕೊಂಡು ಅಂಗಡಿಗೆ ಬಂದಿದ್ದ. ಸೊಂಟ ಹಿಡಿದು ನಿಂತಿದ್ದ ಭಾರ್ಗವಿಯನ್ನು ನೋಡಿ ಅಂಗಡಿಯವನು ತಾನು ಕೂತಿದ್ದ ಸ್ಟೂಲನ್ನೇ ಸರಿಸಿ ಕೊಟ್ಟ.

"ಹಳೇ ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿ ಹಾಗೆ ಕೂಗುತ್ತೆ. ಒಂಚೂರೂ ಸದ್ದು ಮಾಡದ್ದು ಕೊಡಿ," ಎಂದ ಶ್ರೀವತ್ಸ. "ಪಕ್ಕದ ರೂಮಲ್ಲಿ ಅಪ್ಪ ಮಲಗಿರ್ತಾರೆ."

ಅಪ್ಪ ಹಾಸಿಗೆ ಹಿಡಿದದ್ದು ನಿಜ. ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು ಎಲ್ಲ ಭಾರ್ಗವಿಯ ಪಾಲಿಗಿತ್ತು. ಎತ್ತಿ ಕೂರಿಸುವಾಗ ಮಾತ್ರ ಅವನನ್ನು ಕರೆಯುತ್ತಿದ್ದಳು. ಆದರೆ ಎಷ್ಟೋ ಸಂಜೆ ಅವನು ಆಫೀಸಿನ ಕೆಲಸವೆಂದು ಬಾಗಿಲು ಹಾಕಿಕೊಂಡು ಆಟವಾಡುತ್ತಿದ್ದ. ಆಟ ಶುರುವಾದೊಡನೆ ಅಬ್ಬರಿಸುವ ಫ್ಯಾನು ಎಂದಾದರೂ ತನ್ನ ಗುಟ್ಟು ಬಿಟ್ಟುಕೊಟ್ಟೀತು ಎಂಬ ಅಳುಕು ಅವನಿಗೆ.

"ಇದು ಹಾಕ್ಸಿ ಸರ್, ಓಡ್ತಿದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ," ಎಂದು ಅಂಗಡಿಯವನು ಒಂದು ದೊಡ್ಡ ಫ್ಯಾನು ತೋರಿಸಿದ. ಆಮೇಲೆ ಶ್ರೀವತ್ಸ ಆಗಲೇ ಆರಿಸಿಟ್ಟಿದ್ದ ದುಬಾರಿ ಗ್ರಾಫಿಕ್ಸ್ ಕಾರ್ಡಿನ ಡಬ್ಬ ನೋಡಿ ನಕ್ಕ. "ಗೇಮ್ ಜೋರಾಗಿ ಆಡ್ತೀರ ಅನ್ಸುತ್ತೆ."

"ಇಲ್ಲಪ್ಪ, ಬರೀ ಆಫೀಸ್ ಕೆಲಸ." ಹೇಳುವಾಗ ಅವನು ಹೆಂಡತಿಯ ಮುಖ ನೋಡಲಿಲ್ಲ.

ಭಾರ್ಗವಿ ಆ ಫ್ಯಾನನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡಿದಳು. "ಕಾರ್ಡು ನಿಮಗಿಷ್ಟವಾದದ್ದೇ ತಗೊಳ್ರೀ. ಫ್ಯಾನು ಮಾತ್ರ ಸ್ವಲ್ಪ ಸದ್ದು ಮಾಡೋದೇ ಇರಲಿ."

"ಯಾಕೆ?"

"ಅದು ಜೋರಾದ್ರೆ ನೀವು ಆಟಕ್ಕೆ ಕೂತಿದೀರ ಅಂತ ನನಗೆ ಗೊತ್ತಾಗುತ್ತೆ. ಆಗ ನಿಮ್ಮನ್ನ ಕರೆಯಲ್ಲ, ಮಾವನ್ನ ನಾನೊಬ್ಬಳೇ ಹೇಗೋ ಎತ್ತಿ ಕೂರಿಸ್ತೀನಿ."