ನಲವತ್ತೇಳನೇ ನಂಬರಿಗೊಂದು ಶಿಫಾರಸು

“ಸರ್, ಒಂದು ಶಿಫಾರಸು ಪತ್ರ ಬೇಕಾಗಿತ್ರಿ. ಹೊರದೇಶದಾಗ ಎಂ.ಎಸ್ಸಿ. ಓದಾಕ ಸ್ಕಾಲರ್‌ಶಿಪ್...”

“ಬರಕೊಂಡು ಬಾರವ್ವ ನಲವತ್ತೇಳು, ಸೈನ್ ಹಾಕ್ತೀನಿ,” ಎಂದವರೇ ಹಂಪಯ್ಯ ಸರ್ ಹೆಲ್ಮೆಟ್ ತೊಟ್ಟು ಸ್ಕೂಟರ್ ಚಾಲೂ ಮಾಡಿದರು. ರಾಯಚೂರಿನ ಆ ಕಾಲೇಜಿನಲ್ಲಿ ಅವರು ಮೂವತ್ತು ವರ್ಷದಿಂದ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದಾರೆ. ಹಾಜರಿ ಕೂಗುವುದು ನಂಬರಿನಲ್ಲೇ, ಹೆಸರಿನ ಗೋಜಿಗೆ ಹೋಗುವವರಲ್ಲ. ಶಿಫಾರಸು ಪತ್ರ ಕೇಳಿದವರಿಗೆ ಇಲ್ಲವೆಂದದ್ದಿಲ್ಲ, ಹಾಗಂತ ಒಂದನ್ನಾದರೂ ತಾವೇ ಬರೆದದ್ದೂ ಇಲ್ಲ. ಬೇಕಾದವರು ಬರೆದು ತರಬೇಕು, ಇವರು ಓದದೆ ಸಹಿ ಹಾಕಬೇಕು. ಇಬ್ಬರಿಗೂ ಅನುಕೂಲ.

ನಲವತ್ತೇಳನೇ ನಂಬರಿನ ವಿಶಾಖಾಗೆ ಮಾತ್ರ ಫಜೀತಿಯಾಯಿತು. ಫೀಸು, ವಿಮಾನ, ಊಟ ಎಲ್ಲವನ್ನೂ ಕೊಡುವವರೇ ನೋಡಿಕೊಳ್ಳುವ ಸ್ಕಾಲರ್‌ಶಿಪ್ಪು ಅದು. ಸಿಕ್ಕರೆ ಓದು, ಸಿಗದಿದ್ದರೆ ಹಿರೇಕೊಟ್ನೆಕಲ್ಲಿನಲ್ಲಿ ಅವ್ವನ ಜೊತೆ ಹತ್ತಿ ಬಿಡಿಸುವುದು. ಅರ್ಜಿ ಹಾಕಲು ಮರುದಿನವೇ ಕೊನೆ. ಊರ ದಾರಿಯ ಮಾನ್ವಿಯಲ್ಲಿ ಬಸ್ ಇಳಿದವಳೇ ಬುರ್ಹಾನುದ್ದೀನರ ಡಿಟಿಪಿ ಅಂಗಡಿಗೆ ಹೋಗಿ, ಬಸ್ಸಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಗೀಚಿದ್ದ ಚೀಟಿ ಕೊಟ್ಟಳು. ‘ವಿಶಾಖಾ ಒಳ್ಳೆಯ ಹುಡುಗಿ. ದಿನಾಲೂ ತರಗತಿಗೆ ಬರುತ್ತಾಳೆ. ಯಾರಿಗೂ ತೊಂದರೆ ಕೊಡುವುದಿಲ್ಲ.’ ಅಷ್ಟೇ.

ತಾಲ್ಲೂಕಿನಲ್ಲಿ ನಿವೃತ್ತರಾದ ಅರ್ಧದಷ್ಟು ಹೆಡ್‌ಮಾಸ್ಟರುಗಳ ಅಭಿನಂದನಾ ಪತ್ರಗಳನ್ನು ಟೈಪ್ ಹೊಡೆದ ಬುರ್ಹಾನುದ್ದೀನರಿಗೆ ಇದು ಒಂಚೂರೂ ಹಿಡಿಸಲಿಲ್ಲ. “ಬೇಟಾ, ಇದು ಸ್ಕಾಲರ್‌ಶಿಪ್ಪಿಗಾ, ಹಾಸ್ಟೆಲ್ ಸೀಟಿಗಾ?”

“ನನ್ನನ್ನ ನಾನೇ ಹೊಗಳಿಕೊಳ್ಳೋದು ಹೆಂಗ್ರಿ ಚಾಚಾ? ನಾಚ್ಕಿ ಬರ್ತದ.”

“ಹೊಗಳೋರು ನಿಮ್ಮ ಸರ್, ನೀನಲ್ಲ. ನೀ ಏನೇನು ಮಾಡೀದಿ ಅಷ್ಟು ಹೇಳು.”

ವಿಶಾಖಾ ತಲೆ ತಗ್ಗಿಸಿಕೊಂಡೇ ಹೇಳಿದಳು. “ಊರಾಗಿನ ಮೂವತ್ತೆರಡು ಬೋರಿನ ನೀರು ಒಯ್ದು ಕಾಲೇಜ್ ಲ್ಯಾಬಿನ್ಯಾಗ ಫ್ಲೋರೈಡ್ ಎಷ್ಟದ ಅಂತ ನೋಡೀನ್ರಿ. ಬಾಟ್ಲಿ ಇರಲಿಲ್ಲ. ಬಾರಿನ ಹಿಂದ ಬಿದ್ದಿದ್ದ ಪ್ಲಾಸ್ಟಿಕ್ ಕ್ವಾರ್ಟರ್ ಬಾಟ್ಲಿ ತೊಳಕೊಂಡಿದ್ದೆ. ಬಸ್ಸಿನ್ಯಾಗ ಕಂಡಕ್ಟರ್ ಒಂದೊಂದಾ ಬಿಚ್ಚಿ ಮೂಸಿ ನೋಡಿದ. ಒಂಬತ್ತು ಬೋರಿನ ನೀರು ಕುಡಿಯೋ ಹಂಗ ಇರಲಿಲ್ರಿ, ಅವಕ್ಕ ಕೆಂಪು ಬಣ್ಣ ಬಳದೆ. ದೂರದಿಂದ ನೀರು ಹೊರಬೇಕಾಗ್ತದಂತ ಓಣಿ ಮಂದಿ ಬೈದ್ರು. ನಮ್ಮವ್ವಾನೂ ಬೈದಳು. ಈಗ ಆ ನೀರು ಯಾರೂ ಕುಡಿಯಂಗಿಲ್ಲ.”

ಬುರ್ಹಾನುದ್ದೀನರ ಬೆರಳುಗಳು ಕೀಬೋರ್ಡಿನ ಮೇಲೆ ನಿಂತುಬಿಟ್ಟವು. “ಇಷ್ಟು ಮಾಡಿ, ದಿನಾಲೂ ಕ್ಲಾಸಿಗೆ ಬರ್ತಾಳ ಅಂತ ಬರದೀಯಲ್ಲ,” ಎಂದು ಗದರಿ, ಒಂದು ಪೂರ್ತಿ ಪುಟ ಹೊಡೆದರು. ಅಭಿನಂದನಾ ಪತ್ರದ ಅಭ್ಯಾಸಬಲದಿಂದ ಕೊನೆಗೆ ‘ಜ್ಞಾನಗಂಗೆ’ ಎಂದು ಸೇರಿಸಿದ್ದರು. ವಿಶಾಖಾ ಹಟ ಹಿಡಿದು ತೆಗೆಸಿದಳು. ಉಳಿದದ್ದೆಲ್ಲ ನಿಜವೇ, ‘ಈಕೆಯನ್ನು ಮೂರು ವರ್ಷದಿಂದ ಹತ್ತಿರದಿಂದ ಬಲ್ಲೆ’ ಎಂಬ ಸಾಲೊಂದನ್ನು ಬಿಟ್ಟು. ಅದನ್ನು ಫಾರಂನಲ್ಲೇ ಕೇಳಿದ್ದರು.

ಮರುದಿನ ಸ್ಟಾಫ್ ರೂಮಿನಲ್ಲಿ ಹಂಪಯ್ಯ ಸರ್ ಎಂದಿನಂತೆ ನೇರ ಪುಟದ ತಳಕ್ಕೆ ಪೆನ್ನು ಒಯ್ದರು. ಪೆನ್ನು ಬರೆಯಲಿಲ್ಲ. ಅದನ್ನು ಝಾಡಿಸುತ್ತಿದ್ದಾಗ ಕಣ್ಣು ಪತ್ರದ ಮೇಲೆ ಬಿತ್ತು. ಬಿದ್ದದ್ದು ಅಲ್ಲೇ ಕೂತಿತು. ‘ಹತ್ತಿರದಿಂದ ಬಲ್ಲೆ’ ಎಂಬ ಸಾಲಿಗೆ ಸಿಕ್ಕಿಬಿದ್ದೆ ಎಂದುಕೊಂಡಳು ವಿಶಾಖಾ.

“ನಮ್ಮ ಲ್ಯಾಬಿನ್ಯಾಗ ನೋಡ್ಯಾಳೇನು ಇದನ್ನೆಲ್ಲ?”

“ಹೂಂನ್ರಿ ಸರ್.”

“ಆಗ ನಾ ಎಲ್ಲಿದ್ದೆ?”

“ಇಲ್ಲೇ ಇದ್ರಿ ಸರ್.”

ಸರ್ ಕನ್ನಡಕ ಹಾಕಿಕೊಂಡು ಮೊದಲಿನಿಂದ ಮತ್ತೊಮ್ಮೆ ಓದಿದರು. ಮುಖ ಅರಳಿತು. ಅವರಿಗೆ ನಿಜವಾಗಿಯೂ ಹೆಮ್ಮೆಯಾಗಿತ್ತು. “ಎಂಥಾ ಹುಡುಗಿ ಅದಾಳ ನೋಡು ಈ ವಿಶಾಖಾ. ಯಾರವ್ವ ಈಕಿ, ನಿನ್ನ ಗೆಳತೀನಾ?”

ನಾನೇ ಅನ್ನುವ ಮಾತು ವಿಶಾಖಾಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸಹಿ ಇನ್ನೂ ಬಿದ್ದಿರಲಿಲ್ಲ. “ನಮ್ಮೂರಾಕೀನ್ರಿ ಸರ್,” ಎಂದಳು.

ಪಕ್ಕದ ಟೇಬಲ್ಲಿನಿಂದ ಬೇರೆ ಪೆನ್ನು ಬಂತು. ಸರ್ ಸಹಿ ಹಾಕಿ, ಮೊಹರು ಒತ್ತಿದರು. ಅಷ್ಟಕ್ಕೇ ಸಮಾಧಾನವಾಗದೆ, ಕೆಳಗೆ ತಮ್ಮ ಕೈಯಾರೆ ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿದರು: ‘ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಕಂಡ ಅತ್ಯುತ್ತಮ ವಿದ್ಯಾರ್ಥಿನಿ.’

ಪತ್ರವನ್ನು ಜೋಪಾನವಾಗಿ ಎರಡೂ ಕೈಯಲ್ಲಿ ಹಿಡಿದು ವಿಶಾಖಾ ಬಾಗಿಲ ತನಕ ಹೋಗಿದ್ದಳು. ಹಿಂದಿನಿಂದ ಸರ್ ಕರೆದರು.

“ಏ ನಲವತ್ತೇಳು, ಬರೇ ಮಂದಿ ಕಾಗದ ಹೊತ್ಕೊಂಡು ತಿರಗಬ್ಯಾಡ. ಆಕೀನ್ನ ನೋಡಿ ನೀನೂ ಸ್ವಲ್ಪ ಕಲೀವ್ವ.”

“ಕಲೀತೀನ್ರಿ ಸರ್,” ಎಂದಳು ವಿಶಾಖಾ.