ಎಲ್ಲಿದ್ದರೂ ಬಾ

“ಇದನ್ನಾದ್ರೂ ಒಂದ್ಸಲ ಕರೆದು ನೋಡಿ,” ಎಂದು ಹೆಂಡತಿ ಮಡಿಲ ಮಗುವಿಗೆ ಮತ್ತೊಂದು ಹೆಸರು ಸೂಚಿಸಿದಳು. ಗಂಡನದು ರೈಲು ನಿಲ್ದಾಣದ ಮೈಕಿನಲ್ಲಿ ಕಳೆದುಹೋದ ಮಕ್ಕಳನ್ನು ಕೂಗಿ ಕೂಗಿ ಪಳಗಿದ ನಾಲಿಗೆ. ಬೆಳಗಿನಿಂದ ಯಾವ ಹೆಸರು ಕರೆದರೂ “ಎಲ್ಲಿದ್ದರೂ ಕೌಂಟರಿಗೆ ಬಾ, ಅಮ್ಮ ಕಾಯುತ್ತಿದ್ದಾರೆ” ಎಂಬ ಬಾಲ ತಾನಾಗಿ ಅಂಟಿಕೊಳ್ಳುತ್ತಿತ್ತು. ಈ ಸಲ ಹೆಸರೇ ಬಾಯಿಂದ ಹೊರಡಲಿಲ್ಲ.

“ಯಾಕ್ರೀ?”

“ಒಂದ್ಸಲ ಸ್ಟೇಷನ್ನಲ್ಲಿ ಇದನ್ನ ಕೂಗಿ ಕೂಗಿ ಗಂಟಲು ಕಟ್ಟಿತ್ತು ಕಣೇ. ಆ ಹೆಸರಿನ ಹುಡುಗಿ ಬರಲೇ ಇಲ್ಲ.”

“ಹಾಗಾದ್ರೆ ಬೇಡ ಬಿಡಿ,” ಎಂದಳು.

ಅವನು ಮೈಕಿನ ಮುಂದೆ ಬಗ್ಗುವಂತೆ ಮಗುವಿನ ಮುಂದೆ ಬಗ್ಗಿ, ಮೆಲ್ಲಗೆ ಆ ಹೆಸರನ್ನೇ ಕರೆದ. ಮಗು ಕತ್ತು ತಿರುಗಿಸಿ ಅವನನ್ನೇ ನೋಡಿತು.

“ಬಂದ್ಲು ಕಣೇ,” ಎಂದ.

ಯಾರು ಎಂದು ಹೆಂಡತಿ ಕೇಳಲಿಲ್ಲ. ಕೇಳಿದ್ದರೂ ಅವನಿಗೆ ಗೊತ್ತಿರಲಿಲ್ಲ.